ಅಂಗಳದಲ್ಲಿ ಹುಟ್ಟಿದ ಪಾಠಶಾಲೆ

‘ಅಂಗನವಾಡಿ’ ಎಂಬುದು ಇಂದು ನಮ್ಮ ಹಳ್ಳಿಹಳ್ಳಿಯಲ್ಲೂ ಕೇಳಿಬರುವ ಮಾತು. ಆದರೆ ಇದು ಸರ್ಕಾರದ ಕಡತದಲ್ಲಿ ಹುಟ್ಟಿದ ಮಾತಲ್ಲ ಎಂಬುದು ತಮ್ಮಲ್ಲಿ ಎಷ್ಟು ಜನಕ್ಕೆ ತಿಳಿದಿದೆ? ಮಹಾರಾಷ್ಟ್ರದ ಕರಾವಳಿಯ ಬೋರ್ಡಿ ಎಂಬ ಊರಿನಲ್ಲಿ, ಬಡವರ ಗುಡಿಸಲುಗಳ ಮುಂದಿನ ಅಂಗಳದಲ್ಲಿ ಈ ಮಾತಿಗೆ ಜೀವ ಬಂತು. ಅದರ ಮೂಲವನ್ನು ಹುಡುಕುತ್ತ ಹೋದರೆ ಇನ್ನೂ ಹಿಂದಕ್ಕೆ, ಗುಜರಾತಿನ ಭಾವನಗರಕ್ಕೆ, ವಕೀಲಿ ಬಿಟ್ಟು ಮಕ್ಕಳಿಗೆ ಕಥೆ ಹೇಳಲು ಕುಳಿತ ಒಬ್ಬ ಮನುಷ್ಯನ ಬಳಿಗೆ ಬರುತ್ತೇವೆ.

ಆತನೇ ಗಿಜುಭಾಯಿ ಬಧೇಕಾ. 1885ರಲ್ಲಿ ಸೌರಾಷ್ಟ್ರದ ಚಿತ್ತಲದಲ್ಲಿ ಜನಿಸಿದರು. ಕೆಲಕಾಲ ಪೂರ್ವ ಆಫ್ರಿಕದಲ್ಲಿದ್ದು ಬಂದು, ಕಾನೂನು ಓದಿ ವಕೀಲರಾದರು. 1913ರಲ್ಲಿ ಮಗ ಹುಟ್ಟಿದಾಗ ಅವರಿಗೊಂದು ಚಿಂತೆ ಹತ್ತಿತು. ಬೆತ್ತ ಮತ್ತು ಬಾಯಿಪಾಠ ಇವೆರಡರ ಮೇಲೆಯೇ ನಿಂತ ಅಂದಿನ ಶಾಲೆಗೆ ಈ ಮಗುವನ್ನು ಹೇಗೆ ಕಳಿಸುವುದು? ಆ ಹುಡುಕಾಟದಲ್ಲಿ ಅವರ ಕೈಗೆ ಸಿಕ್ಕಿದ್ದು ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸೋರಿಯವರ ಬರಹ. 1916ರಲ್ಲಿ ಅವರು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದರು. 1920ರಲ್ಲಿ ಅಲ್ಲಿಯೇ ಬಾಲಮಂದಿರ ಆರಂಭವಾಯಿತು. ಮಕ್ಕಳ ಮೇಲಿನ ಅಕ್ಕರೆಗಾಗಿ ಜನ ಅವರನ್ನು ‘ಮೀಸೆಯುಳ್ಳ ತಾಯಿ’ ಎಂದು ಕರೆದರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಮಾಂಟೆಸ್ಸೋರಿ ಪದ್ಧತಿ ತೀರ ಎಳೆಯ ಮಕ್ಕಳಿಗೆ ರಾಜರಾಣಿಯರ ಕಾಲ್ಪನಿಕ ಕಥೆಗಳನ್ನು ಹೇಳುವುದಕ್ಕೆ ಅಷ್ಟಾಗಿ ಒಲಿದಿರಲಿಲ್ಲ. ಕೈಯಾಡಿಸುವ ಸಾಮಗ್ರಿಗೆ, ನಿಜ ಜಗತ್ತಿನ ಅನುಭವಕ್ಕೆ ಅಲ್ಲಿ ಮೊದಲ ಮಣೆ. ಗಿಜುಭಾಯಿ ಆ ಸಾಮಗ್ರಿಯನ್ನು ಒಪ್ಪಿದರು, ಮಗುವಿನ ಸ್ವಾತಂತ್ರ್ಯವನ್ನೂ ಒಪ್ಪಿದರು. ಆದರೆ ಕಥೆಯನ್ನು ಬಿಡಲಿಲ್ಲ. ಅಜ್ಜಿಯರ ಬಾಯಲ್ಲಿದ್ದ ಜನಪದ ಕಥೆಗಳನ್ನು ಸಂಗ್ರಹಿಸಿ ತರಗತಿಗೆ ತಂದರು. ಕಥೆ ಹೇಳುವುದಕ್ಕೂ ಒಂದು ಶಾಸ್ತ್ರವಿದೆ ಎಂದು ಅದರ ಮೇಲೆ ಗ್ರಂಥವನ್ನೇ ಬರೆದರು. ಯಾವ ಕಥೆಯನ್ನು ಆರಿಸಬೇಕು, ಯಾವುದರ ನಂತರ ಯಾವುದು, ಹೇಗೆ ಹೇಳಬೇಕು ಎಂಬುದೆಲ್ಲ ಅಲ್ಲಿ ಚರ್ಚೆಗೆ ಬಂದಿದೆ. ಎಳೆಯರ ತರಗತಿಗೆ ಕಥೆಯನ್ನು ‘ಯೋಜಿಸುವುದು’ ಎಂಬ ವಿಚಾರ ನಮ್ಮ ದೇಶಕ್ಕೆ ಹೊಸದೇನಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

1930ರ ದಶಕದ ಆರಂಭದಲ್ಲಿ ಬಂದ ಅವರ ‘ದಿವಾಸ್ವಪ್ನ’ದಲ್ಲಿ ಲಕ್ಷ್ಮೀರಾಮ್ ಎಂಬ ಕಲ್ಪಿತ ಮೇಷ್ಟರು ನಾಲ್ಕನೇ ತರಗತಿಯೊಂದನ್ನು ಒಂದು ವರ್ಷದ ಮಟ್ಟಿಗೆ ಪ್ರಯೋಗಕ್ಕೆ ಕೇಳಿ ಪಡೆಯುತ್ತಾರೆ. ಮೊದಲ ದಿನ ಮೌನದ ಆಟ ಆಡಿಸಹೋಗಿ ಸೋಲುತ್ತಾರೆ, ತರಗತಿಯೆಲ್ಲ ಗದ್ದಲ. ಬಳಿಕ ಕಥೆ ಶುರುಮಾಡುತ್ತಾರೆ. ಗದರಿಕೆಗೆ ಬಗ್ಗದ ಮಕ್ಕಳು ಕಥೆಗೆ ಕಿವಿಗೊಡುತ್ತಾರೆ. ಅಲ್ಲಿಂದ ಓದಿನ ದಾರಿ ತೆರೆಯುತ್ತದೆ. ಕೇಳಿದ ಕಥೆಯ ರುಚಿ ಹತ್ತಿದ ಮಕ್ಕಳು ಕಥೆಪುಸ್ತಕವನ್ನು ತಾವಾಗಿ ಕೈಗೆತ್ತಿಕೊಳ್ಳುತ್ತಾರೆ, ಕಥೆಯನ್ನು ನಾಟಕವಾಗಿ ಆಡುತ್ತಾರೆ. ಪ್ರತಿ ಮಗುವೂ ಅದೇ ಪಠ್ಯಪುಸ್ತಕ ಕೊಳ್ಳುವುದರ ಬದಲು, ಆ ಹಣವನ್ನೇ ಕೂಡಿಸಿ ಬೇರೆಬೇರೆ ಪುಸ್ತಕ ತಂದು ತರಗತಿಗೊಂದು ಗ್ರಂಥಾಲಯ ಮಾಡೋಣ ಎನ್ನುತ್ತಾರೆ ಮೇಷ್ಟರು. ಲೆಕ್ಕ ಸರಳ: 30 ಮಕ್ಕಳು ಒಂದೇ ಪುಸ್ತಕದ 30 ಪ್ರತಿ ಕೊಂಡರೆ ಓದಲು ಸಿಗುವುದು ಒಂದು ಪುಸ್ತಕ, ಬೇರೆಬೇರೆ ಕೊಂಡರೆ 30 ಪುಸ್ತಕ.

ಅಕ್ಕಪಕ್ಕದ ಮೇಷ್ಟರುಗಳು ನಗುತ್ತಾರೆ. ಕಥೆಯಲ್ಲೇ ಕಾಲ ಕಳೆದರೆ ಪಾಠ ಮುಗಿಯುವುದು ಯಾವಾಗ ಎಂಬುದು ಅವರ ತಕರಾರು. ಈ ತಕರಾರು ಇಂದಿಗೂ ಮುಗಿದಿಲ್ಲ ಎಂಬುದನ್ನು ಶಿಕ್ಷಕರಾದ ತಾವೇ ಬಲ್ಲಿರಿ.

1923ರಲ್ಲಿ ಗಿಜುಭಾಯಿಯವರ ಜೊತೆಗೂಡಿದವರು ತಾರಾಬಾಯಿ ಮೋಡಕ್. ಮುಂಬಯಿಯಲ್ಲಿ 1892ರಲ್ಲಿ ಜನಿಸಿದ ಈಕೆ ಪದವೀಧರೆ. 1926ರಲ್ಲಿ ಇಬ್ಬರೂ ಸೇರಿ ನೂತನ ಬಾಲಶಿಕ್ಷಣ ಸಂಘವನ್ನು ಕಟ್ಟಿದರು. 1939ರಲ್ಲಿ ಗಿಜುಭಾಯಿ ತೀರಿಕೊಂಡರು. ಬಾಲಮಂದಿರಗಳು ಪಟ್ಟಣದ ಅನುಕೂಲಸ್ಥರ ಮಕ್ಕಳಿಗೆ ಮಾತ್ರ ಸಾಕೆ ಎಂಬ ಪ್ರಶ್ನೆ ತಾರಾಬಾಯಿಯವರನ್ನು ಕಾಡುತ್ತಿತ್ತು. 1945ರಲ್ಲಿ ಅವರು ಬೋರ್ಡಿಯಲ್ಲಿ ಗ್ರಾಮ ಬಾಲಶಿಕ್ಷಣ ಕೇಂದ್ರವನ್ನು ತೆರೆದರು. ಅನುತಾಯಿ ವಾಘ್ ಅವರ ಬಲಗೈಯಾಗಿ ನಿಂತರು.

ಕೇಂದ್ರವೇನೋ ತೆರೆಯಿತು, ಬಡ ಕೇರಿಯ ಮಕ್ಕಳು ಬರಲಿಲ್ಲ. ಹೇಗೆ ಬಂದಾರು? ಒಬ್ಬಳ ಸೊಂಟದಲ್ಲಿ ತಮ್ಮ, ಇನ್ನೊಬ್ಬನ ಮುಂದೆ ದನ. ಆಗ ಶಾಲೆಯೇ ಮಕ್ಕಳ ಬಳಿಗೆ ಹೊರಟಿತು. ಶಿಕ್ಷಕಿಯರು ಕೇರಿಗೆ ಹೋಗಿ ಮಕ್ಕಳ ಮೈತೊಳೆದು, ತಲೆಬಾಚಿ, ಅಂಗಳದಲ್ಲಿ ಕೂರಿಸಿ ಹಾಡು, ಕಥೆ, ಆಟ ನಡೆಸಿದರು. ಅಂಗಳದ ಈ ಬಾಲವಾಡಿಯೇ ಅಂಗನವಾಡಿ. ಬೆಲೆಬಾಳುವ ಸಾಮಗ್ರಿಯ ಬದಲು ಎಲೆ, ಬೀಜ, ಕಲ್ಲು, ಕಪ್ಪೆಚಿಪ್ಪು ಬಂದವು. ಮುಂದೆ ಕೆಲಸ ಕೋಸಬಾಡದ ಗುಡ್ಡಕ್ಕೆ, ವಾರ್ಲಿ ಆದಿವಾಸಿಗಳ ನಡುವೆ ಹಬ್ಬಿತು. ದನಗಾಹಿ ಮಕ್ಕಳಿಗೆಂದು ಹುಲ್ಲುಗಾವಲಿನಲ್ಲೇ ಶಾಲೆ ನಡೆಯಿತು. ವಾರ್ಲಿ ಮಕ್ಕಳ ಮನೆಮಾತು ಪುಸ್ತಕದ ಮರಾಠಿಗಿಂತ ಬೇರೆ. ಇಂಥ ಕಡೆ ಮಗು ಪುಸ್ತಕದ ಭಾಷೆಯನ್ನು ಅಕ್ಷರಕ್ಕಿಂತ ಮೊದಲು ಕಿವಿಯಿಂದಲೇ ಕಲಿಯಬೇಕು. ಕಥೆ ಹೇಳುವುದು, ಗಟ್ಟಿಯಾಗಿ ಓದುವುದು ಅಲ್ಲಿ ಬೇಸರ ಕಳೆಯುವ ಮಾತಲ್ಲ. ಮಗು ಶಾಲೆಯಲ್ಲಿ ಉಳಿಯುವುದೂ ಓಡಿಹೋಗುವುದೂ ಅದರ ಮೇಲೆ ನಿಂತಿದೆ.

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 33 ಕಡೆ ಆರಂಭಿಸಿತು. ನಮ್ಮ ನಾಡಿನ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಂಗನವಾಡಿ ಎಂಬ ಹೆಸರು ದೇಶದ್ದಾಯಿತು. ಅದೇ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ‘ನಲಿ ಕಲಿ’ ಹುಟ್ಟಿ, ಚಟುವಟಿಕೆಯ ಮೂಲಕ ಕಲಿಸುವ ಕ್ರಮ ನಮ್ಮ ಪ್ರಾಥಮಿಕ ಶಾಲೆಗಳಿಗೂ ಬಂತು.

ಹೆಸರು ಬೆಳೆದಂತೆ ಹೊಣೆಗಳೂ ಬೆಳೆದವು. ಊಟ, ತೂಕ, ಚುಚ್ಚುಮದ್ದು, ಸಮೀಕ್ಷೆ, ದಾಖಲೆ ಎಲ್ಲವೂ ಒಬ್ಬ ಕಾರ್ಯಕರ್ತೆಯ ಹೆಗಲಿಗೆ ಬಿದ್ದವು. ಇವುಗಳಲ್ಲಿ ಯಾವುದೂ ಬೇಡವಾದದ್ದಲ್ಲ. ಆದರೆ ಹೊತ್ತು ಸಾಲದಾದಾಗ ಮೊದಲು ಕೈಬಿಡುವುದು ಕಥೆಯ ಅರ್ಧಗಂಟೆಯನ್ನೇ, ಏಕೆಂದರೆ ಅದಕ್ಕೆ ಲೆಕ್ಕ ಕೇಳುವವರಿಲ್ಲ. ಮನೆಯಲ್ಲಿ ಒಂದೂ ಪುಸ್ತಕವಿಲ್ಲದ ಮಗುವಿಗೆ ಆ ಅರ್ಧಗಂಟೆ ತಪ್ಪಿದರೆ ಬೇರೆಲ್ಲಿಯೂ ಸಿಗದು.

ಹಾಗಾದರೆ ತಾವು ಮಾಡಬಹುದಾದದ್ದೇನು? ವಾರಕ್ಕೆ ಒಂದೇ ಕಥೆ ಸಾಕು. ಮಕ್ಕಳಿಗೆ ಓದುವ ಮುನ್ನ ತಾವೊಮ್ಮೆ ಗಟ್ಟಿಯಾಗಿ ಓದಿಕೊಳ್ಳಿ. ಸೋಮವಾರ ಚಿತ್ರ ತೋರಿಸುತ್ತ ಓದಿರಿ, ನಡುವೆ ಪ್ರಶ್ನೆ ಬೇಡ. ಮಂಗಳವಾರ ಅದನ್ನೇ ಮತ್ತೆ ಓದಿ, ಮರಳಿ ಮರಳಿ ಬರುವ ಮಾತನ್ನು ಮಕ್ಕಳಿಗೆ ಬಿಟ್ಟುಕೊಡಿ. ಬುಧವಾರ ಕಥೆಯನ್ನು ಆಡಿಸಿ. ಗುರುವಾರ ಕಥೆಯಲ್ಲಿ ಬಂದ ಕಾಳು, ಎಲೆಗಳನ್ನು ತಂದು ಎಣಿಸಿ, ವಿಂಗಡಿಸಿ, ನೆಲದ ಮೇಲೆ ಚಿತ್ರ ಬರೆಸಿ. ಶುಕ್ರವಾರ ಮಗುವೇ ಹೇಳಲಿ. ತುಳುವಿನಲ್ಲೋ, ಲಂಬಾಣಿಯಲ್ಲೋ, ಉರ್ದುವಿನಲ್ಲೋ ಹೇಳಿದರೂ ತಡೆಯಬೇಡಿ. ಕೊನೆಗೆ ‘ಇದರ ನೀತಿಯೇನು’ ಎಂದು ಕೇಳುವ ಆತುರವೂ ಬೇಡ. ಅದು ಕಥೆಯನ್ನು ಪರೀಕ್ಷೆಯನ್ನಾಗಿ ಮಾಡಿಬಿಡುತ್ತದೆ.

ಇದಕ್ಕೆ ಬೇಕಾದದ್ದು ಒಂದು ಪುಸ್ತಕ, ಒಂದು ಹಿಡಿ ಕಾಳು, ಅರ್ಧಗಂಟೆಯ ಬಿಡುವು. ತಮ್ಮೂರಿನ ಅಂಗನವಾಡಿಗೆ ಒಮ್ಮೆ ಹೋಗಿ ಬನ್ನಿ. ಓದು ಬಲ್ಲ ಅಜ್ಜ ಅಜ್ಜಿಯರು ವಾರಕ್ಕೊಂದು ದಿನ ಕಥೆ ಓದಲು ಕುಳಿತರೆ ಕಾರ್ಯಕರ್ತೆಯ ಹೊರೆ ಅಷ್ಟರಮಟ್ಟಿಗೆ ಇಳಿಯುತ್ತದೆ, ಮಕ್ಕಳಿಗೂ ಕಥೆ ಸಿಗುತ್ತದೆ.