ನಿನ್ನೆಯ ಬಿಸಿ, ನಾಳೆಯ ಕೆಲಸ: ಸ್ವಯಂಚಾಲಿತ ಟಿಯರಿಂಗ್ ಎಡವಿದ್ದೆಲ್ಲಿ?

2008ರ ಜನವರಿಯಲ್ಲಿ ಇಎಂಸಿ ಕಂಪನಿ ತನ್ನ ಸಿಮೆಟ್ರಿಕ್ಸ್ ಸ್ಟೋರೇಜ್ ಯಂತ್ರಗಳಿಗೆ ಫ್ಲ್ಯಾಶ್ ಡ್ರೈವ್‌ಗಳನ್ನು ಸೇರಿಸುವುದಾಗಿ ಪ್ರಕಟಿಸಿತು. ನಿಮಿಷಕ್ಕೆ 15,000 ಸುತ್ತು ತಿರುಗುವ ಡಿಸ್ಕ್ ಸೆಕೆಂಡಿಗೆ ಸುಮಾರು 180 ಬೇಡಿಕೆಗಳನ್ನು ಪೂರೈಸಿದರೆ, ಫ್ಲ್ಯಾಶ್ ಸಾವಿರಾರನ್ನು ಪೂರೈಸುತ್ತಿತ್ತು. ಆದರೆ ಅದರ ಬೆಲೆ ಎಷ್ಟಿತ್ತೆಂದರೆ ಇಡೀ ಯಂತ್ರವನ್ನು ಅದರಿಂದಲೇ ತುಂಬುವುದು ಯಾರ ಕೈಗೂ ಎಟುಕುವಂತಿರಲಿಲ್ಲ. ಹಾಗಾಗಿ ಯಾವ ಡೇಟಾ ಎಲ್ಲಿರಬೇಕೆಂಬ ಪ್ರಶ್ನೆ ಎದ್ದಿತು. ಅದನ್ನು ಸಾಫ್ಟ್‌ವೇರೇ ನಿರ್ಧರಿಸಲಿ, ಹೆಚ್ಚು ಬಳಕೆಯಾಗುವುದನ್ನು ಫ್ಲ್ಯಾಶ್‌ಗೆ ಏರಿಸಲಿ, ಉಳಿದದ್ದನ್ನು ಅಗ್ಗದ ಡಿಸ್ಕ್‌ಗೆ ಇಳಿಸಲಿ ಎಂಬುದೇ ಸ್ವಯಂಚಾಲಿತ ಟಿಯರಿಂಗ್. ಕಂಪೆಲೆಂಟ್ ಎಂಬ ಚಿಕ್ಕ ಕಂಪನಿ ಅದಾಗಲೇ ಈ ದಾರಿ ಹಿಡಿದಿತ್ತು. 2009ರ ಕೊನೆಯಿಂದ 2011ರ ಹೊತ್ತಿಗೆ ಇಎಂಸಿ, ಐಬಿಎಂ, ಹಿಟಾಚಿಯಂಥ ದೊಡ್ಡವರೆಲ್ಲ ಅದೇ ದಾರಿಗೆ ಬಂದರು. ಈ ಯಂತ್ರಗಳು ಎಡವಿದ್ದು ಎಂಜಿನಿಯರುಗಳ ಅಜಾಗ್ರತೆಯಿಂದಲ್ಲ, ಬಳಕೆಯ ಬಿಸಿಯನ್ನು ಅಳೆದ ರೀತಿಯಿಂದಲೇ ಎಂಬುದು ಈ ಲೇಖನದ ವಾದ.

ಕಲ್ಪನೆ ಹಳೆಯದು. ಮ್ಯಾಂಚೆಸ್ಟರಿನ ಅಟ್ಲಾಸ್ ಕಂಪ್ಯೂಟರ್ 1962ರಲ್ಲೇ ಕೋರ್ ಮೆಮೊರಿ ಮತ್ತು ಡ್ರಮ್ಮನ್ನು ಒಂದೇ ಸಂಗ್ರಹವೆಂಬಂತೆ ತೋರಿಸುತ್ತಿತ್ತು; ಯಾವ ಪುಟವನ್ನು ಡ್ರಮ್ಮಿಗೆ ಕಳಿಸಬೇಕೆಂದು ತೀರ್ಮಾನಿಸಲು ಅದರಲ್ಲೊಂದು 'ಕಲಿಯುವ' ಪ್ರೋಗ್ರಾಂ ಇತ್ತು. 1974ರಲ್ಲಿ ಐಬಿಎಂ ಪ್ರಕಟಿಸಿದ 3850 ವ್ಯವಸ್ಥೆಯಲ್ಲಿ ಜೇನುಗೂಡಿನಂಥ ಗೂಡುಗಳ ತುಂಬ ಪುಟ್ಟ ಟೇಪ್ ಕಾರ್ಟ್ರಿಡ್ಜ್‌ಗಳಿದ್ದವು. ಒಂದೊಂದರಲ್ಲೂ 5 ಕೋಟಿ ಅಕ್ಷರ ಹಿಡಿಯುತ್ತಿತ್ತು. ಕೇಳಿದಾಗ ಯಂತ್ರದ ಕೈ ಕಾರ್ಟ್ರಿಡ್ಜನ್ನು ತೆಗೆದು ತರುತ್ತಿತ್ತು, ಡೇಟಾ ಡಿಸ್ಕ್‌ಗೆ ಬರುತ್ತಿತ್ತು. ಇವೆರಡರ ನಡುವೆ, 1966ರಲ್ಲಿ, ಐಬಿಎಂನ ಬೆಲಾಡಿ ಬರೆದ ಪ್ರಬಂಧ ನನ್ನ ದೃಷ್ಟಿಯಲ್ಲಿ ಇಡೀ ಚರಿತ್ರೆಯ ಕೀಲಿಕೈ. ಅದರ ಸಾರ ಇಷ್ಟು: ಯಾವ ಪುಟವನ್ನು ಕಳಿಸಬೇಕೆಂಬ ಅತ್ಯುತ್ತಮ ಆಯ್ಕೆ ಮಾಡಬೇಕಾದರೆ ಮುಂದೆ ಯಾವುದು ಬೇಕಾಗುತ್ತದೆಂದು ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದವರು ಹಿಂದಿನ ಬಳಕೆಯನ್ನು ನೋಡಿ ಅಂದಾಜು ಕಟ್ಟಬೇಕು, ಅಷ್ಟೇ.

ಆ ಅಂದಾಜನ್ನು ಎಷ್ಟು ದೊಡ್ಡ ತುಂಡಿಗೆ ಕಟ್ಟಬೇಕು? ಇಎಂಸಿಯ 2009ರ ಟಿಯರಿಂಗ್ ಸಾಫ್ಟ್‌ವೇರ್ ಫಾಸ್ಟ್, ಸರ್ವರಿಗೆ ಒಂದು ಡಿಸ್ಕ್‌ನಂತೆ ಕಾಣುವ ಇಡೀ ಲನ್ನನ್ನೇ ಎತ್ತಿ ಸಾಗಿಸುತ್ತಿತ್ತು. ಐಬಿಎಂನ ಈಸಿ ಟಿಯರ್ 1 ಜಿಬಿ ತುಂಡುಗಳನ್ನು ಆಯ್ದುಕೊಂಡಿತು, ಹಿಟಾಚಿ 42 ಎಂಬಿ ಪುಟಗಳನ್ನು. ಇಎಂಸಿ ವಿಮ್ಯಾಕ್ಸ್ ಯಂತ್ರದಲ್ಲಿ ಅದು 7.5 ಎಂಬಿವರೆಗೂ ಇಳಿಯಿತು. ಡೇಟಾಬೇಸ್ ಸಾಮಾನ್ಯವಾಗಿ ಓದುವುದು 8 ಕೆಬಿ ಬ್ಲಾಕುಗಳನ್ನು. 1 ಜಿಬಿ ತುಂಡಿನಲ್ಲಿ ಅಂಥವು 1,31,072 ಇರುತ್ತವೆ. ಅವುಗಳಲ್ಲಿ ಒಂದಿಷ್ಟು ಬ್ಲಾಕುಗಳು ಕಾದು ಕೆಂಡವಾಗಿದ್ದರೂ ಸಾಕು, ತಣ್ಣಗೆ ಕೂತ ಉಳಿದ ಲಕ್ಷ ಬ್ಲಾಕುಗಳೂ ದುಬಾರಿ ಫ್ಲ್ಯಾಶ್ ಏರುತ್ತವೆ. ಹಾಗಾದರೆ 8 ಕೆಬಿಗೇ ಇಳಿಯಬಹುದಲ್ಲ ಎನ್ನಬಹುದು. 100 ಟಿಬಿ ಯಂತ್ರದಲ್ಲಿ 1 ಜಿಬಿ ತುಂಡುಗಳಾದರೆ 1,02,400ರ ಲೆಕ್ಕ ಇಟ್ಟರಾಯಿತು; 8 ಕೆಬಿ ತುಂಡುಗಳಾದರೆ 1,342 ಕೋಟಿ ದಾಟುತ್ತದೆ. ಪ್ರತಿಯೊಂದರ ಬಿಸಿಯನ್ನೂ ಬರೆದಿಡಲು ಬೇಕಾಗುವ ಮೆಮೊರಿಯೇ ಹೊಸ ಖರ್ಚು. ಇಎಂಸಿಯ ವಿಎನ್ಎಕ್ಸ್ ಯಂತ್ರದ ತುಂಡು 2013ರಲ್ಲಿ 1 ಜಿಬಿಯಿಂದ 256 ಎಂಬಿಗೆ ಇಳಿದದ್ದು ಈ ಎಳೆದಾಟದಲ್ಲಿ ಸಿಕ್ಕ ಒಂದು ರಾಜಿ.

ತುಂಡಿನ ಗಾತ್ರಕ್ಕಿಂತ ಕಠಿಣವಾದದ್ದು ಕಾಲ. ಈಸಿ ಟಿಯರ್ ಸಾಗಣೆಯ ಯೋಜನೆ ಹಾಕುತ್ತಿದ್ದದ್ದು 24 ಗಂಟೆಗೊಮ್ಮೆ. ಒಂದು ಬ್ಯಾಂಕನ್ನು ಊಹಿಸಿಕೊಳ್ಳಿ. ವರ್ಷದ ಹಳೆಯ ವಹಿವಾಟಿನ ದಾಖಲೆಗಳನ್ನು ಹನ್ನೊಂದು ತಿಂಗಳು ಯಾರೂ ಮುಟ್ಟಿಲ್ಲ. ಅವು ಅಗ್ಗದ ಡಿಸ್ಕ್‌ಗೆ ಇಳಿದಿವೆ. ಮಾರ್ಚ್ 31ರ ರಾತ್ರಿ ವಾರ್ಷಿಕ ಲೆಕ್ಕ ಮುಗಿಸುವ ಕೆಲಸ ಅವುಗಳ ಮೇಲೆ ಒಮ್ಮೆಲೇ ಮುಗಿಬೀಳುತ್ತದೆ. ಯಂತ್ರ ಆ ಬಿಸಿಯನ್ನು ಗಮನಿಸಿ ಅವನ್ನು ಫ್ಲ್ಯಾಶ್‌ಗೆ ಏರಿಸುವಷ್ಟರಲ್ಲಿ ಏಪ್ರಿಲ್ ಬಂದಿರುತ್ತದೆ, ಕೆಲಸ ಮುಗಿದಿರುತ್ತದೆ. ಮೇಲಾಗಿ, ಗ್ರಾಹಕರಿಗೆ ದಿನನಿತ್ಯ ಬೇಕಾದ ಡೇಟಾ ಅವಕ್ಕಾಗಿ ಜಾಗ ಬಿಟ್ಟುಕೊಟ್ಟಿರುತ್ತದೆ. ಮೈಸೂರು ಸೀಮೆಯ ಮನೆಗಳಲ್ಲಿ ಗೊಂಬೆಗಳ ಪೆಟ್ಟಿಗೆ ವರ್ಷವಿಡೀ ಅಟ್ಟದ ಮೇಲಿರುತ್ತದೆ. ಆದರೆ ಅಮ್ಮ ಅದನ್ನು ಇಳಿಸುವುದು ನವರಾತ್ರಿಗೆ ಮೊದಲು. ಅವಳ ಮನೆಯ ಗೋಡೆಯಲ್ಲಿ ಪಂಚಾಂಗ ತೂಗುತ್ತಿರುತ್ತದೆ. ಸ್ಟೋರೇಜ್ ಯಂತ್ರಕ್ಕೆ ಮಾರ್ಚ್ 31 ಎಂದರೇನೆಂದು ಯಾರೂ ಹೇಳಿರುವುದಿಲ್ಲ.

ಇನ್ನೊಂದು ಕುರುಡುತನವೂ ಇದೆ, ಅದರ ಬಗ್ಗೆ ಚರ್ಚೆ ಕಡಿಮೆ. ಯಂತ್ರ ಬಿಸಿಯನ್ನು ಬರೆದಿಟ್ಟುಕೊಳ್ಳುವುದು ವಿಳಾಸದ ಹೆಸರಿನಲ್ಲಿ, ದಾಖಲೆಯ ಹೆಸರಿನಲ್ಲಲ್ಲ. ಡೇಟಾಬೇಸ್ ಅಡ್ಮಿನ್ ಒಂದು ದೊಡ್ಡ ಟೇಬಲ್ಲನ್ನು ಮರುಜೋಡಿಸಿದರೆ ದಾಖಲೆಗಳು ಹೊಸ ವಿಳಾಸಕ್ಕೆ ಹೋಗುತ್ತವೆ, ಅವುಗಳ ಬಿಸಿ ಹಳೆಯ ವಿಳಾಸದಲ್ಲೇ ಉಳಿಯುತ್ತದೆ. ಬ್ಯಾಕಪ್ ಅಥವಾ ವೈರಸ್ ತಪಾಸಣೆ ಎಲ್ಲ ಫೈಲುಗಳನ್ನೂ ಸಾಲಾಗಿ ಓದಿದರೆ, ಅದೂ ಬಳಕೆಯೆಂದೇ ತೋರೀತು. ದೂರದ ಊರಿನಲ್ಲಿರುವ ನಕಲು ಯಂತ್ರದ ಸ್ಥಿತಿ ಇನ್ನೂ ಕಷ್ಟ: ಅಲ್ಲಿಗೆ ತಲುಪುವುದು ಬರಹಗಳು ಮಾತ್ರ, ಓದುಗಳಲ್ಲ. ಮೂಲ ಕೇಂದ್ರ ಮುಳುಗಿ ಕೆಲಸವೆಲ್ಲ ಅದರ ಹೆಗಲಿಗೆ ಬಿದ್ದ ದಿನ, ಅದರ ಬಿಸಿಯ ನಕ್ಷೆಯಲ್ಲಿ ಅರ್ಧ ಲೋಕವೇ ಇರುವುದಿಲ್ಲ. ಈ ಕೊರತೆ ನೀಗಿಸಲೆಂದೇ ಇಎಂಸಿ ನಂತರ ಬಿಸಿಯ ಲೆಕ್ಕವನ್ನೂ ದೂರದ ಯಂತ್ರಕ್ಕೆ ಕಳಿಸುವ ಏರ್ಪಾಡು ಮಾಡಬೇಕಾಯಿತು.

ಸಾಗಣೆಗೂ ಬೆಲೆಯಿದೆ. ಸೆಕೆಂಡಿಗೆ 100 ಎಂಬಿ ವೇಗದಲ್ಲಿ 1 ಟಿಬಿ ಸಾಗಲು ಹತ್ತಿರಹತ್ತಿರ ಮೂರು ಗಂಟೆ ಬೇಕು, ಅದೂ ಕೆಲಸ ಮಾಡುತ್ತಿರುವ ಡಿಸ್ಕ್‌ಗಳ ಮೇಲೆಯೇ.

2010ರಲ್ಲಿ ಮತ್ತೊಂದು ಸ್ಟೋರೇಜ್ ಕಂಪನಿ ನೆಟ್‌ಆ್ಯಪ್‌ನ ಅಂದಿನ ಮುಖ್ಯಸ್ಥ ಟಾಮ್ ಜಾರ್ಜೆನ್ಸ್ ಟಿಯರಿಂಗ್ ಎಂಬ ಕಲ್ಪನೆಯೇ ಸಾಯುತ್ತಿದೆ ಎಂದು ಸಾರಿದರು. ಅಗ್ಗದ ಡಿಸ್ಕ್‌ಗಳ ಮುಂದೆ ಫ್ಲ್ಯಾಶ್ ಕ್ಯಾಶೆ ಇಟ್ಟರೆ ಸಾಕು ಎಂಬುದು ಅವರ ನಿಲುವು. ಅದರಲ್ಲಿ ಹುರುಳಿತ್ತು. ಕ್ಯಾಶೆಯಲ್ಲಿರುವುದು ನಕಲು, ಹಾಗಾಗಿ ಆಯ್ಕೆ ತಪ್ಪಿದರೂ ನಷ್ಟ ಸಣ್ಣದು. ಟಿಯರಿಂಗ್‌ನಲ್ಲಿ ಮೂಲವೇ ಜಾಗ ಬದಲಿಸುತ್ತದೆ. ಫ್ಲ್ಯಾಶ್ ಅಗ್ಗವಾಗಿ ಸಂಪೂರ್ಣ ಫ್ಲ್ಯಾಶ್ ಯಂತ್ರಗಳು ಹರಡಿದಾಗ ವಾದ ಮುಗಿಯಿತೆಂದೇ ಅನಿಸಿತು. ಆದರೆ 2017ರಲ್ಲಿ ಅದೇ ನೆಟ್‌ಆ್ಯಪ್ ಫ್ಯಾಬ್ರಿಕ್‌ಪೂಲ್ ತಂದು, ತಣ್ಣಗಾದ ಡೇಟಾವನ್ನು ಫ್ಲ್ಯಾಶ್‌ನಿಂದ ಕ್ಲೌಡ್‌ಗೆ ಇಳಿಸತೊಡಗಿತು. ಹಳೆಯ ಪಾಠ ಅದರಲ್ಲಿ ಕಾಣುತ್ತದೆ: ಸಾಲಾಗಿ ಓದಿದ ಮಾತ್ರಕ್ಕೆ ಡೇಟಾ ಬಿಸಿಯೆಂದು ಅದು ಎಣಿಸುವುದಿಲ್ಲ. ಆದರೆ ಅದರ 'ಆಟೋ' ನೀತಿಯಲ್ಲಿ, ನಾವು ಬದಲಾಯಿಸದಿದ್ದರೆ, 31 ದಿನ ಮುಟ್ಟದ ಡೇಟಾ ತಣ್ಣಗಾಯಿತೆಂದೇ ಲೆಕ್ಕ. ಕಚೇರಿಗಳ ತ್ರೈಮಾಸಿಕ ಲೆಕ್ಕಪತ್ರ ಬರುವುದು ಮೂರು ತಿಂಗಳಿಗೊಮ್ಮೆ.