ಗೋವೆಯ ಕೊಲೆಗಳ ಲೆಕ್ಕ: ದಾಖಲೆ, ತೀರ್ಪು ಮತ್ತು ಆತ್ಮರಕ್ಷಣೆ

2009ರ ಏಪ್ರಿಲ್‌ನಲ್ಲಿ ಗೋವೆಯ ಶಿರೋಡಾದ ಮಹಾನಂದ ನಾಯ್ಕ ಬಂಧಿತನಾದ. 1994ರಿಂದ ಹದಿನಾರು ಮಹಿಳೆಯರನ್ನು ಕೊಂದುದಾಗಿ ಅವನು ಒಪ್ಪಿಕೊಂಡಿರುವನೆಂದು ಪೊಲೀಸರು ತಿಳಿಸಿದರು. ಆ ಸಂಖ್ಯೆಗಿಂತಲೂ ವಿಚಾರಾರ್ಹವಾದ ಸಂಗತಿಯೊಂದಿದೆ: ಈ ಸಾವುಗಳಲ್ಲಿ ಹಲವು ಅದುವರೆಗೆ ಕೊಲೆಯ ಲೆಕ್ಕದಲ್ಲಿ ಇರಲೇ ಇಲ್ಲ. ಕೆಲವರು ನಾಪತ್ತೆಯಾದವರಾಗಿದ್ದರು, ದೊರೆತ ಕೆಲವು ಶವಗಳು ಅಸಹಜ ಸಾವಿನ ಕಡತ ಸೇರಿದ್ದವು. 2011ರ ಜನಗಣತಿಯಂತೆ ಹದಿನೈದು ಲಕ್ಷಕ್ಕೂ ಕಡಿಮೆ ಜನರಿರುವ ರಾಜ್ಯದಲ್ಲಿ ಹದಿನಾರು ಎಂಬುದು ಅಲ್ಪಸಂಖ್ಯೆಯಲ್ಲ.

1986ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಎಣಿಸುವುದು ಆಯಾ ವರ್ಷ ಠಾಣೆಗಳಲ್ಲಿ ದಾಖಲಾದ ಪ್ರಕರಣಗಳನ್ನು. ಆದ್ದರಿಂದ ತಡವಾಗಿ ಬೆಳಕಿಗೆ ಬಂದ ಕೊಲೆ ನಡೆದ ವರ್ಷಕ್ಕೆ ಸೇರದೆ ದಾಖಲಾದ ವರ್ಷಕ್ಕೆ ಸೇರುತ್ತದೆ. ಅಪರಾಧದ ಏರಿಕೆಯೂ ದಾಖಲಾತಿಯ ಏರಿಕೆಯೂ ಒಂದೇ ಅಲ್ಲವೆಂದು ಬ್ಯೂರೋ ತಾನೇ ಎಚ್ಚರಿಸಿದೆ. ಅದರ ಕೋಷ್ಟಕಗಳನ್ನು ಉದ್ಧರಿಸುವವರು ಆ ಎಚ್ಚರಿಕೆಯನ್ನು ಉದ್ಧರಿಸುವುದು ಅಪರೂಪ.

ಇದರ ಮರುಮುಖವೇ ಆತ್ಮರಕ್ಷಣೆಯ ಪ್ರಶ್ನೆ. ಭಾರತೀಯ ದಂಡ ಸಂಹಿತೆಯ 96ರಿಂದ 106ನೆಯ ಕಲಮುಗಳು (2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44) ಈ ಹಕ್ಕನ್ನು ಮಾನ್ಯ ಮಾಡುತ್ತವೆ. ಆದರೆ ಅದನ್ನು ತೋರಿಸಿಕೊಡುವ ಹೊಣೆ ಆರೋಪಿಯದು. ಅದು ನಿರ್ಧಾರವಾಗುವುದು ಸಾಮಾನ್ಯವಾಗಿ ನ್ಯಾಯಾಲಯದಲ್ಲಿ, ವರ್ಷಗಳ ನಂತರ. ತನ್ನ ಮೇಲೆರಗಿದವನನ್ನು ಕೊಂದವಳು ಅಷ್ಟರೊಳಗೆ ಕೊಲೆ ಆರೋಪಿಯಾಗಿ ಎಣಿಕೆಯಾಗಿರುತ್ತಾಳೆ. ಬಿಡುಗಡೆಯಾದಾಗ ಅವಳು ಸೇರುವುದು ‘ಖುಲಾಸೆ’ಯ ಅಂಕಣಕ್ಕೆ. ಸಾಕ್ಷಿಗಳು ತಿರುಗಿಬಿದ್ದುದರಿಂದ ಪಾರಾದವನೂ ಅಲ್ಲೇ ಇರುತ್ತಾನೆ. ಇಬ್ಬರನ್ನೂ ಬೇರ್ಪಡಿಸುವ ಗೆರೆ ಆ ಕೋಷ್ಟಕದಲ್ಲಿಲ್ಲ.

ಹೆಸರು ಬದಲಾಗುವ ಪರಿಗೆ ಅಂಜುನಾ ಕಡಲತೀರದ ಪ್ರಕರಣ ನಿದರ್ಶನ. 2008ರ ಫೆಬ್ರವರಿಯಲ್ಲಿ ಅಲ್ಲಿ ಹದಿನೈದು ವರ್ಷದ ಬ್ರಿಟಿಷ್ ಬಾಲಕಿಯ ಶವ ದೊರೆತಾಗ ಪೊಲೀಸರು ಅದನ್ನು ಮುಳುಗಿ ಸತ್ತದ್ದೆಂದರು. ತಾಯಿಯ ಹೋರಾಟ ಮತ್ತು ಎರಡನೆಯ ಶವಪರೀಕ್ಷೆಯ ಬಳಿಕ ಅದು ಕೊಲೆ ಪ್ರಕರಣವಾಯಿತು. 2016ರಲ್ಲಿ ಇಬ್ಬರು ಆರೋಪಿಗಳೂ ಖುಲಾಸೆಯಾದರು. 2019ರಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಒಬ್ಬನನ್ನು ಕೊಲೆಯಲ್ಲದ ದಂಡನೀಯ ನರಹತ್ಯೆಗಾಗಿ ಶಿಕ್ಷಿಸಿತು. ಬ್ಯೂರೋದ ಲೆಕ್ಕದಲ್ಲಿ ಈ ನರಹತ್ಯೆಗೆ ಕೊಲೆಗಿಂತ ಬೇರೆಯದೇ ಶೀರ್ಷಿಕೆಯಿದೆ. ಹನ್ನೊಂದು ವರ್ಷಗಳ ಈಚಿನ ತೀರ್ಪಿಗೆ ಹಳೆಯ ಸಂಪುಟವನ್ನು ತಿದ್ದುವ ದಾರಿ ಇಲ್ಲ.

ಇಂಗ್ಲೆಂಡಿನ ಗೃಹ ಇಲಾಖೆಯ ನರಹತ್ಯಾ ಸೂಚಿ ಹಾಗಲ್ಲ. ನ್ಯಾಯಾಲಯದ ತೀರ್ಮಾನ ಬಂದಂತೆ ಅದು ಹಿಂದಿನ ವರ್ಷಗಳ ನಮೂದುಗಳನ್ನೂ ಪರಿಷ್ಕರಿಸುತ್ತದೆ. ಗೋವೆಯ ಸಂಶೋಧಕನಿಗಾದರೋ ಬ್ಯೂರೋದ ಅಪರಾಧ ಸಂಪುಟ, ಅದೇ ಬ್ಯೂರೋದ ಅಪಘಾತ ಮತ್ತು ಆತ್ಮಹತ್ಯೆಗಳ ಸಂಪುಟ, ಪಣಜಿ ಮತ್ತು ಮಡಗಾಂವಿನ ನ್ಯಾಯಾಲಯಗಳ ತೀರ್ಪುಗಳು, ಈ ಮೂರನ್ನೂ ತಾನೇ ಅಕ್ಕಪಕ್ಕ ಇಟ್ಟು ಓದಬೇಕಾಗುತ್ತದೆ.