ಕಡಲ್ಗಳ್ಳ ಸೆನೆಟ್ ಸೇರಿದ ಕಥೆ

‘ಕಾಲಹರಣ’ ಎಂದಾಗ ನಮಗೆ ಕಳ್ಳತನ ನೆನಪಾಗುವುದಿಲ್ಲ. ಅರಳಿಕಟ್ಟೆಯಲ್ಲಿ ಕೂತು ಹರಟುವವರು, ಕಡತವನ್ನು ಮೇಜಿನಿಂದ ಮೇಜಿಗೆ ದಾಟಿಸುವವರು ಮಾಡುವ ಕೆಲಸ ಅದು. ಪದವನ್ನು ಬಿಡಿಸಿ ನೋಡಿದರೆ ಮಾತ್ರ ಒಳಗಿನ ‘ಹರಣ’ ಕಾಣುತ್ತದೆ. ರಾವಣ ಸೀತೆಯನ್ನು ಹೊತ್ತೊಯ್ದನಲ್ಲ, ಅದೇ ಹರಣ. ಅಮೆರಿಕದ ರಾಜಕಾರಣದಲ್ಲಿ ಕಾಲಹರಣಕ್ಕೆ ಬೇರೆಯದೇ ಒಂದು ಹೆಸರಿದೆ, ಅದನ್ನು ಬಿಡಿಸಿದರೂ ಒಳಗೆ ಕಳ್ಳನೇ ಸಿಗುತ್ತಾನೆ. ಫಿಲಿಬಸ್ಟರ್.

ಪದದ ತವರು ಡಚ್ ಭಾಷೆ. ಲೂಟಿಯನ್ನೇ ಕಸುಬು ಮಾಡಿಕೊಂಡವನಿಗೆ ಅಲ್ಲಿ ‘ವ್ರೈಬಾಯ್ಟರ್’ ಎನ್ನುತ್ತಿದ್ದರು. ಕೆರಿಬಿಯನ್ ಸಮುದ್ರದಲ್ಲಿ ಸ್ಪೇನಿನ ಹಡಗುಗಳ ಮೇಲೆ ಬೀಳುತ್ತಿದ್ದ ಕಡಲ್ಗಳ್ಳರ ಜೊತೆ ಅದು ಫ್ರೆಂಚರ ಬಾಯಿಗೆ ಬಿತ್ತು, ಅಲ್ಲಿಂದ ಸ್ಪ್ಯಾನಿಷರ ಬಾಯಲ್ಲಿ ‘ಫಿಲಿಬುಸ್ಟೆರೊ’ ಆಯಿತು. 19ನೇ ಶತಮಾನದ ನಡುವಿಗೆ ಇಂಗ್ಲಿಷಿಗೆ ಬಂದಾಗ ಅದರ ಅಂತಸ್ತು ಏರಿತ್ತು. ಈಗ ಫಿಲಿಬಸ್ಟರ್ ಎಂದರೆ ಹಡಗು ದೋಚುವವನಲ್ಲ, ದೇಶ ದೋಚುವವನು.

ಅಂಥವರಲ್ಲಿ ದೊಡ್ಡ ಹೆಸರು ಟೆನೆಸಿಯ ವಿಲಿಯಂ ವಾಕರ್‌ನದು. ವೈದ್ಯಕೀಯ, ವಕಾಲತ್ತು, ಪತ್ರಿಕೋದ್ಯಮ ಮೂರನ್ನೂ ಮಾಡಿ ನೋಡಿ, ಮೂರರಲ್ಲೂ ನಿಲ್ಲದ ಆಸಾಮಿ. 1855ರಲ್ಲಿ ಸುಮಾರು 60 ಜನರನ್ನು ಕಟ್ಟಿಕೊಂಡು ನಿಕರಾಗುವಕ್ಕೆ ಹೋದ. ಅಲ್ಲಿ ಒಳಜಗಳ ನಡೆದಿತ್ತು, ಒಂದು ಬಣ ಇವನನ್ನು ಕರೆಸಿಕೊಂಡಿತ್ತು. ಕರೆದವರ ಮನೆಗೇ ಯಜಮಾನನಾಗಿ, 1856ರಲ್ಲಿ ಆ ದೇಶದ ಅಧ್ಯಕ್ಷನೂ ಆದ, ಅಲ್ಲಿ ರದ್ದಾಗಿದ್ದ ಗುಲಾಮಗಿರಿಯನ್ನು ಮತ್ತೆ ಕಾನೂನುಬದ್ಧ ಮಾಡಿದ. ಖಾಸಗಿ ಪಡೆ ಕಟ್ಟಿ ಪರದೇಶದ ಮೇಲೆ ದಂಡೆತ್ತುವುದು ಅಮೆರಿಕದ ಕಾನೂನಿನಲ್ಲೇ ಅಪರಾಧ. ಆದರೂ ಅವನು ಹಿಂದೆ ನಿಂತು ನಡೆಸುತ್ತಿದ್ದ ಸರ್ಕಾರಕ್ಕೆ ವಾಷಿಂಗ್ಟನ್ ಮಾನ್ಯತೆ ಕೊಟ್ಟಿತು. ದಕ್ಷಿಣದ ಗುಲಾಮ ಮಾಲೀಕರಿಗೆ ಅವನು ವೀರ, ಉತ್ತರದ ಅನೇಕರಿಗೆ ದರೋಡೆಕೋರ. 1860ರಲ್ಲಿ ಹೊಂಡುರಾಸ್‌ನಲ್ಲಿ ಗುಂಡಿಟ್ಟು ಕೊಂದರು. (ಪೂರ್ವದ ಫಿಲಿಪೈನ್ಸ್‌ನಲ್ಲಿ ಇದೇ ಪದದ ಹಣೆಬರಹ ಬೇರೆ. ಸ್ಪ್ಯಾನಿಷ್ ಆಳರಸರು ತಮ್ಮನ್ನು ಎದುರಿಸಿದವರನ್ನೆಲ್ಲ ಫಿಲಿಬುಸ್ಟೆರೊ ಎಂದು ಜರೆಯುತ್ತಿದ್ದರು. ಹೊಸೆ ರಿಸಾಲ್ 1891ರ ತಮ್ಮ ಕಾದಂಬರಿಗೆ ಆ ಬೈಗುಳದಿಂದಲೇ ಹೆಸರಿಟ್ಟರು.)

ವಾಕರ್ ಬದುಕಿದ್ದ ಕಾಲದಲ್ಲೇ, 1850ರ ದಶಕದಲ್ಲಿ, ಅಮೆರಿಕದ ಸಂಸತ್ತಿನಲ್ಲಿ ಒಬ್ಬರು ಇನ್ನೊಬ್ಬರ ಮೇಲೆ ಈ ಪದ ಎಸೆಯಲು ಶುರುಮಾಡಿದ್ದರು. ಸದನವನ್ನು ಅಡ್ಡಗಟ್ಟಿ ಒತ್ತೆ ಇಟ್ಟುಕೊಳ್ಳುವವನೂ ಒಂದು ಬಗೆಯ ಕಡಲ್ಗಳ್ಳನೇ ಎಂಬ ಕುಹಕ. ಬೈಗುಳ ಮೆಲ್ಲಗೆ ಪಾರಿಭಾಷಿಕ ಪದವಾಯಿತು.

ಸೆನೆಟ್‌ನಲ್ಲಿ ಇದಕ್ಕೆ ಜಾಗ ಸಿಕ್ಕಿದ್ದು ಯಾರ ದೂರದೃಷ್ಟಿಯಿಂದಲೂ ಅಲ್ಲ. ಚರ್ಚೆ ಸಾಕು, ಮತಕ್ಕೆ ಹಾಕಿ ಎನ್ನಲು ಒಂದು ನಿಯಮವಿತ್ತು, ಅದನ್ನು ಬಳಸುವವರು ವಿರಳ. ನಿಯಮಾವಳಿಯನ್ನು ಚೊಕ್ಕಟ ಮಾಡುವಾಗ, 1806ರಲ್ಲಿ, ಅದನ್ನು ಕಿತ್ತುಹಾಕಿದರು. ಅಟ್ಟ ಗುಡಿಸುವಾಗ ಹಳೇ ಸಾಮಾನೆಂದು ಬಾಗಿಲ ಅಗುಳಿಯನ್ನೇ ಎಸೆದ ಹಾಗೆ. ಮಾತು ನಿಲ್ಲಿಸಿ ಎನ್ನುವ ದಾರಿ ಇಲ್ಲವೆಂದ ಮೇಲೆ ಮಾತಾಡುತ್ತಲೇ ಇರಬಹುದಲ್ಲ! ನಮ್ಮ ಶಾಸಕರು ಸದನ ನಿಲ್ಲಿಸಬೇಕಾದರೆ ಬಾವಿಗಿಳಿದು ಘೋಷಣೆ ಕೂಗುತ್ತಾರೆ. ಅಲ್ಲಿ ತಮ್ಮ ಜಾಗದಲ್ಲೇ ನಿಂತು, ಸಭ್ಯ ದನಿಯಲ್ಲಿ, ಕೊನೆಯಿಲ್ಲದೆ ಮಾತಾಡುತ್ತಾರೆ. ತಾಳಮದ್ದಲೆಯ ಅರ್ಥಧಾರಿಯೂ ಒಂದು ಪದ್ಯ ಹಿಡಿದು ತಾಸುಗಟ್ಟಲೆ ಮಾತಾಡಬಲ್ಲ, ಆದರೆ ಅವನಿಗೆ ಪ್ರಸಂಗದ ಹಂಗಿದೆ. ಸೆನೆಟರಿಗೆ ಅದೂ ಇಲ್ಲ. ಲೂಯಿಸಿಯಾನದ ಹ್ಯೂಯಿ ಲಾಂಗ್ 1935ರಲ್ಲಿ ಹದಿನೈದು ಗಂಟೆ ಮಾತಾಡುತ್ತ ಸಿಂಪಿ ಕರಿಯುವ ವಿಧಾನವನ್ನೂ ಹೇಳಿಕೊಟ್ಟ.

ಇದಕ್ಕೆ ಮೊದಲ ಕಡಿವಾಣ ಬಿದ್ದದ್ದು ಯುದ್ಧದ ಹೊಸ್ತಿಲಲ್ಲಿ. 1917ರಲ್ಲಿ ವ್ಯಾಪಾರಿ ಹಡಗುಗಳಿಗೆ ತುಪಾಕಿ ಕೊಡುವ ಅಧ್ಯಕ್ಷ ವಿಲ್ಸನ್ ಅವರ ಮಸೂದೆಯನ್ನು ಬೆರಳೆಣಿಕೆಯ ಸೆನೆಟರ್‌ಗಳು ಮಾತಿನಲ್ಲೇ ಮುಳುಗಿಸಿದರು. ಕೆರಳಿದ ಅಧ್ಯಕ್ಷರು ಒತ್ತಾಯಿಸಿ, ಮೂರನೇ ಎರಡರಷ್ಟು ಮತ ಬಿದ್ದರೆ ಚರ್ಚೆ ಮುಗಿಸಬಹುದೆಂಬ ‘ಕ್ಲೋಚರ್’ ನಿಯಮ ತಂದರು. ಒಂದೇ ತಿಂಗಳಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು. 1975ರಲ್ಲಿ ಆ ಪಾಲು ಐದನೇ ಮೂರಕ್ಕೆ ಇಳಿದು, 100ರಲ್ಲಿ 60 ಎಂಬ ಇಂದಿನ ಮಂತ್ರಸಂಖ್ಯೆ ಬಂತು.

ನಿಜವಾಗಿ ಗಂಟಲು ಹರಿದುಕೊಂಡವರಲ್ಲಿ ದಕ್ಷಿಣ ಕೆರೊಲಿನಾದ ಸ್ಟ್ರಾಮ್ ಥರ್ಮಂಡ್ ಹೆಸರುವಾಸಿ. 1957ರಲ್ಲಿ ನಾಗರಿಕ ಹಕ್ಕುಗಳ ಮಸೂದೆ ತಡೆಯಲು 24 ಗಂಟೆ 18 ನಿಮಿಷ ನಿಂತ, ಮಸೂದೆ ಆಮೇಲೂ ಪಾಸಾಯಿತು. ಆ ದಾಖಲೆ 2025ರ ಏಪ್ರಿಲ್‌ವರೆಗೂ ಉಳಿದಿತ್ತು. ಮುರಿದದ್ದು ನ್ಯೂಜೆರ್ಸಿಯ ಕೋರಿ ಬೂಕರ್, 25 ಗಂಟೆ 5 ನಿಮಿಷ. ಕರಿಯರ ಹಕ್ಕಿಗೆ ಅಡ್ಡ ನಿಂತವನ ದಾಖಲೆಯನ್ನು ಕರಿಯ ಸೆನೆಟರೇ ಮುರಿದದ್ದಕ್ಕೆ ಚಪ್ಪಾಳೆ ಬಿತ್ತು. ಆದರೆ ಯಾವ ಮಸೂದೆಗೂ ಅಡ್ಡ ನಿಂತದ್ದಲ್ಲವಾದ್ದರಿಂದ ಅದು ನಿಯಮದ ಲೆಕ್ಕದಲ್ಲಿ ಫಿಲಿಬಸ್ಟರ್ ಅಲ್ಲ. ಇನ್ನೊಂದು ಕಡೆ, ಈಗಿನ ಫಿಲಿಬಸ್ಟರ್‌ಗೆ ಮಾತೇ ಬೇಡ. ‘ನಮ್ಮ ಒಪ್ಪಿಗೆ ಇಲ್ಲ’ ಎಂದು ಪಕ್ಷದ ನಾಯಕರ ಮೂಲಕ ತಿಳಿಸಿದರೆ ಮುಗಿಯಿತು, ಎದುರಿನವರು 60 ಎಣಿಸಿಕೊಂಡು ಬರಬೇಕು. ನನಗಂತೂ ಸಿಂಪಿ ಕರಿಯುವ ಕಾಲವೇ ವಾಸಿ ಅನ್ನಿಸುತ್ತದೆ. ಕದಿಯುವವನು ಕನಿಷ್ಠ ಕಾಲು ನೋಯಿಸಿಕೊಳ್ಳುತ್ತಿದ್ದ.

ಆ ಮೌನದ ಲೆಕ್ಕ ಏನು ಮಾಡುತ್ತದೆಂಬುದಕ್ಕೆ 2010ರ ಡಿಸೆಂಬರ್ 18ನ್ನು ನೋಡಬೇಕು. ಅಂದು ಸೆನೆಟ್ ಎದುರು ಎರಡು ಪ್ರಶ್ನೆಗಳಿದ್ದವು. ಮಕ್ಕಳಾಗಿದ್ದಾಗ ದಾಖಲೆಯಿಲ್ಲದೆ ಬಂದು ಅಲ್ಲೇ ಬೆಳೆದವರು ಕಾಲೇಜು ಓದಿದರೆ ಅಥವಾ ಸೇನೆ ಸೇರಿದರೆ ಅವರಿಗೆ ನೆಲೆ ಕೊಡುವ ಡ್ರೀಮ್ ಕಾಯ್ದೆ ಒಂದು. ಸಲಿಂಗಿಗಳು ತಾವು ಯಾರೆಂದು ಹೇಳಿಕೊಂಡರೆ ಸೇನೆಯಿಂದ ಹೊರಹಾಕುತ್ತಿದ್ದ ನಿಯಮದ ರದ್ದತಿ ಇನ್ನೊಂದು. ಮೊದಲನೆಯದಕ್ಕೆ 55 ಪರ, 41 ವಿರುದ್ಧ. ಸೋತಿತು. ಎರಡನೆಯದಕ್ಕೆ 63 ಸಿಕ್ಕಿ, ಅದು ಅದೇ ದಿನ ಪಾಸಾಯಿತು. 55 ಬಂದು ಸೋಲುವುದು ಹೇಗೆಂದು ನಮ್ಮ ಪಂಚಾಯಿತಿ ಸದಸ್ಯನಿಗೆ ವಿವರಿಸಿ ನೋಡಿ, ಕಷ್ಟ.

60 ಇಲ್ಲದವರಿಗೂ ಒಂದು ಹಿತ್ತಲ ಬಾಗಿಲಿದೆ, ಈ ಪದದ ಈಚಿನ ಬಾಳ್ವೆಯ ತಿರುಳೆಲ್ಲ ಅಲ್ಲಿದೆ. 1974ರ ಬಜೆಟ್ ಕಾಯ್ದೆಯಿಂದ ಬಂದ ಅದರ ಹೆಸರು ‘ರಿಕನ್ಸಿಲಿಯೇಶನ್’. ಆದಾಯ, ಖರ್ಚಿನ ವಿಷಯವಾದರೆ ಬರೀ ಬಹುಮತ ಸಾಕು. ಹಾಗಾಗಿ ಎಲ್ಲ ಜಗಳವೂ ದುಡ್ಡಿನ ವೇಷ ಹಾಕಿಕೊಂಡೇ ಬರಬೇಕು. 2021ರಲ್ಲಿ ಡೆಮಾಕ್ರಟರು ಲಕ್ಷಾಂತರ ವಲಸಿಗರಿಗೆ ಕಾಯಂ ನೆಲೆ ಕೊಡಿಸಲು ಈ ಬಾಗಿಲು ತಟ್ಟಿದರು. ಸೆನೆಟ್ ನಿಯಮಗಳ ಸಲಹೆಗಾರ್ತಿ ಎಲಿಜಬೆತ್ ಮ್ಯಾಕ್‌ಡೊನೊ ಮೂರು ಸಲ ಆಗದು ಎಂದರು: ಇದು ಖರ್ಚಿನ ವಿಷಯವಲ್ಲ, ನೀತಿಯ ವಿಷಯ. 2025ರಲ್ಲಿ ರಿಪಬ್ಲಿಕನ್ನರು ಗಡಿಗೋಡೆಗೆ 4,650 ಕೋಟಿ ಡಾಲರ್, ಸೇನೆಗೆ ಸುಮಾರು 15,000 ಕೋಟಿ ಡಾಲರ್ ಹೊತ್ತ ಮಸೂದೆಯನ್ನು ಅದೇ ಬಾಗಿಲಿಂದ ತಂದರು. 50–50 ಆದಾಗ ಉಪಾಧ್ಯಕ್ಷ ವ್ಯಾನ್ಸ್ ಅವರ ಮತ ಬಿದ್ದು ಪಾಸಾಯಿತು. ಇಟ್ಟಿಗೆ, ಉಕ್ಕು, ಬಂದೂಕಿಗೆ ರಸೀದಿ ಇರುತ್ತದೆ, ಒಬ್ಬ ಮನುಷ್ಯನನ್ನು ಇರಗೊಡುವುದಕ್ಕೆ ರಸೀದಿ ಇಲ್ಲ. ಗೋಡೆ ನುಗ್ಗುವ ಬಾಗಿಲಲ್ಲಿ ಗುರುತಿನ ಚೀಟಿ ನುಗ್ಗದು.

ಇದರ ಬಿಸಿ ನಮ್ಮವರಿಗೂ ತಗಲಿದೆ. ಯಾವುದೇ ಒಂದು ದೇಶಕ್ಕೆ ಶೇ 7ಕ್ಕಿಂತ ಹೆಚ್ಚು ಪಾಲಿಲ್ಲ ಎಂಬ ಮಿತಿಯಿಂದಾಗಿ ಬೆಂಗಳೂರು, ಮೈಸೂರಿನಿಂದ ಹೋದ ಎಂಜಿನಿಯರ್‌ಗಳು ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಸಾಲಿನಲ್ಲಿದ್ದಾರೆ. ‘ಡೇಟ್ ಕರೆಂಟ್ ಆಯ್ತಾ?’, ಅಂದರೆ ಸರದಿ ಬಂತೇ, ಎಂಬುದು ಅವರ ಕುಶಲ ಪ್ರಶ್ನೆ. 2021ರಲ್ಲಿ ಕೆಳಮನೆ ಒಪ್ಪಿದ ಬಜೆಟ್ ಮಸೂದೆಯಲ್ಲಿ, ಹಿಂದಿನ ವರ್ಷಗಳಲ್ಲಿ ಬಳಕೆಯಾಗದೆ ಉಳಿದ ವೀಸಾಗಳನ್ನು ಮರಳಿ ತೆಗೆದು ಹಂಚುವ ಮಾತಿತ್ತು. ಅದೂ ದುಡ್ಡಿನ ವೇಷದಲ್ಲೇ, ಹೆಚ್ಚುವರಿ ಶುಲ್ಕದ ಜೊತೆ ಬಂದಿತ್ತು. ಸೆನೆಟ್‌ನಲ್ಲಿ ಮಸೂದೆಯೇ ಬಿದ್ದುಹೋಯಿತು.

ಫಿಲಿಬಸ್ಟರ್ ಒಳ್ಳೆಯದೋ ಕೆಟ್ಟದ್ದೋ ಎಂದು ಯಾರನ್ನು ಕೇಳಿದರೂ ಅವರು ಮೊದಲು ಕುರ್ಚಿ ಎಣಿಸುತ್ತಾರೆ. ಒಬಾಮಾ ಸೆನೆಟರ್ ಆಗಿದ್ದಾಗ, 2006ರಲ್ಲಿ, ಅಲಿಟೊ ಅವರು ಸುಪ್ರೀಂ ಕೋರ್ಟ್ ಸೇರದಂತೆ ಅದನ್ನೇ ಬಳಸಲು ಕೈಜೋಡಿಸಿದ್ದರು. 2020ರಲ್ಲಿ ಅದು ವರ್ಣಭೇದದ ಕಾಲದ ಪಳೆಯುಳಿಕೆ ಎಂದರು. ಅದನ್ನು ಮುರಿಯುವುದಕ್ಕೆ ಎರಡೂ ಪಕ್ಷದವರು ಇಟ್ಟಿರುವ ಹೆಸರು ‘ನ್ಯೂಕ್ಲಿಯರ್ ಆಪ್ಷನ್’, ಅಣ್ವಸ್ತ್ರವೇ! 2013ರಲ್ಲಿ ಡೆಮಾಕ್ರಟರು ಕೆಳ ನ್ಯಾಯಾಲಯಗಳ ನೇಮಕಕ್ಕೆ ಅದನ್ನು ಹಾಕಿದರು, 2017ರಲ್ಲಿ ರಿಪಬ್ಲಿಕನ್ನರು ಸುಪ್ರೀಂ ಕೋರ್ಟಿಗೂ ಹಾಕಿದರು. 2025ರ ಅಕ್ಟೋಬರ್‌ನಲ್ಲಿ ಸರ್ಕಾರದ ಖಜಾನೆಗೆ ಬೀಗ ಬಿದ್ದು 43 ದಿನ ನೌಕರರಿಗೆ ಸಂಬಳ ನಿಂತಾಗ, ಫಿಲಿಬಸ್ಟರ್ ಕಿತ್ತೆಸೆಯಿರಿ ಎಂದು ಟ್ರಂಪ್ ತಮ್ಮ ಪಕ್ಷಕ್ಕೆ ಹೇಳಿದರು. ಪಕ್ಷದ ಸೆನೆಟರ್‌ಗಳು ಒಪ್ಪಲಿಲ್ಲ. ನಾಳೆ ತಾವೇ ಅಲ್ಪಮತಕ್ಕೆ ಇಳಿಯಬಹುದಲ್ಲ. ಕೊನೆಗೆ ಎದುರು ಪಾಳೆಯದ ಎಂಟು ಮಂದಿ ಈಚೆ ಬಂದು, ಸರಿಯಾಗಿ 60 ಆಯಿತು.

ನಿಕರಾಗುವ ಹಿಡಿದಿದ್ದ ವಾಕರ್‌ನ ಪಡೆ ಪಕ್ಕದ ಕೋಸ್ಟರಿಕಾಕ್ಕೂ ನುಗ್ಗಿತ್ತು. ಅದನ್ನು ಬೆನ್ನಟ್ಟಿ ಹೋದ ಕೋಸ್ಟರಿಕಾದ ಸೈನ್ಯದಲ್ಲಿ ಹುವಾನ್ ಸಾಂತಾಮರಿಯಾ ಎಂಬ ನಗಾರಿ ಹುಡುಗನಿದ್ದ. 1856ರ ಏಪ್ರಿಲ್ 11ರಂದು, ರಿವಾಸ್ ಪಟ್ಟಣದಲ್ಲಿ, ಫಿಲಿಬಸ್ಟರ್‌ಗಳು ಅಡಗಿದ್ದ ಕಟ್ಟಡಕ್ಕೆ ದೊಂದಿ ಹಚ್ಚಿ ಸತ್ತ ಎನ್ನುತ್ತಾರೆ. ಆ ದಿನ ಕೋಸ್ಟರಿಕಾದಲ್ಲಿ ಈಗಲೂ ಸರ್ಕಾರಿ ರಜೆ, ರಾಜಧಾನಿಯ ವಿಮಾನ ನಿಲ್ದಾಣಕ್ಕೂ ಅವನದೇ ಹೆಸರು. 2025ರ ಫೆಬ್ರುವರಿಯಲ್ಲಿ ಅಮೆರಿಕ ಹೊರಗಟ್ಟಿದ 135 ಜನರನ್ನು ತುಂಬಿಕೊಂಡ ವಿಮಾನ ಅಲ್ಲೇ ಇಳಿಯಿತು. ಅವರಾರೂ ಆ ದೇಶದವರಲ್ಲ. ಅರ್ಧದಷ್ಟು ಮಂದಿ ಮಕ್ಕಳು.